ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಬೀಜ

೨೦೨೫ರ ಮೇ ೧೧, ಭಾನುವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ನಿರುಪಮಾ ಒದ್ದೆ ಬಟ್ಟೆಯ ಗಂಟು ಬಿಚ್ಚಿದಳು. ಇಪ್ಪತ್ತು ಬೆಂಡೆಬೀಜಗಳಲ್ಲಿ ಹತ್ತೊಂಬತ್ತು ಬಿಳಿ ಬೇರು ಚಾಚಿದ್ದವು.

ಅವಳ ಕಿವಿ ಬಿಸಿಯಾಯಿತು.

ಹಿತ್ತಲಲ್ಲಿ ಬಿತ್ತಿದ್ದು ಹತ್ತು ದಿನವಾದರೂ ಮೇಲೇಳದಿದ್ದುದಕ್ಕೆ, ಬುಧವಾರ ಹುಬ್ಬಳ್ಳಿಯ ಗೋಕುಲ ರಸ್ತೆಯ ಬೀಜದಂಗಡಿಗೆ ಹೋಗಿ, ಗಿರಾಕಿಗಳೆದುರೇ "ಸತ್ತ ಬೀಜ ಮಾರ್ತೀರಿ" ಎಂದು ಕೂಗಾಡಿದ್ದಳು. ಅಂಗಡಿಯ ಬಸವಪ್ರಭು ಸಿಟ್ಟಾಗಲಿಲ್ಲ. ಅದೇ ಚೀಲದ ಇಪ್ಪತ್ತು ಬೀಜ ಎಣಿಸಿ ಕೊಟ್ಟು, "ಒದ್ದಿ ಬಟ್ಟ್ಯಾಗ ಕಟ್ಟಿಡ್ರಿ ಮೇಡಂ. ಹುಟ್ಟಲಿಲ್ಲಂದ್ರ ಅಂಗಡಿ ಬೋರ್ಡ್ ಮ್ಯಾಲಿನ ನಮ್ಮಪ್ಪನ ಹೆಸರು ಅಳಸ್ತೇನಿ" ಎಂದಿದ್ದ.

ಸಸ್ಯಶಾಸ್ತ್ರ ಕಲಿಸುವವಳು ಪರೀಕ್ಷಿಸದೆ ತೀರ್ಪು ಕೊಟ್ಟಿದ್ದಳು. ಮೂರು ವರ್ಷದಿಂದ ಅವಳು ಆ ಅಂಗಡಿಗೆ ಹೋಗುತ್ತಿದ್ದುದು ಬರೀ ಬೀಜಕ್ಕಲ್ಲ. ಈಗ ಆ ದಾರಿಯನ್ನು ಅವಳೇ ಮುಚ್ಚಿಕೊಂಡಿದ್ದಳು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು. ಬಸ್ಸು ಹಿಡಿದಳು.

ಅಂಗಡಿಯಲ್ಲಿ ಗಬ್ಬೂರಿನ ತರಕಾರಿ ಬೆಳೆಗಾರ್ತಿ ಮಕ್ತುಮಬಿ ಬೆಂಡೆಯ ಪಾಕೀಟು ಹಿಡಿದು ಅನುಮಾನಿಸುತ್ತಿದ್ದಳು. ನಿರುಪಮಾ ಕಟ್ಟೆಯ ಮೇಲೆ ಬಟ್ಟೆ ಹರವಿದಳು.

"ಎಲ್ಲಾರೂ ನೋಡ್ರಿ. ಬೀಜ ಛಲೋ ಅದಾವ. ತಪ್ಪು ನಂದು."

"ಇದನ್ನ ಹೇಳಾಕ ಧಾರವಾಡದಿಂದ ಬಂದ್ರೇನ್ರಿ? ಫೋನಿರಲಿಲ್ಲೇನು?" ಎಂದ ಮಕ್ತುಮಬಿ ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. "ಹೂಂ, ಫೋನಿನ್ಯಾಗ ಮಾರಿ ಎಲ್ಲಿ ಕಾಣತೈತಿ ಬಿಡ್ರಿ. ನನಗ ಎರಡು ಪಾಕೀಟು ಕೊಡು ತಮ್ಮಾ."

ಬಸವಪ್ರಭು ತಲೆ ತಗ್ಗಿಸಿ ಇನ್ನೊಂದು ಪಾಕೀಟು ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

ಹಿತ್ತಲಲ್ಲಿ ಬೀಜ ಯಾಕೆ ಏಳಲಿಲ್ಲವೆಂದು ನೋಡಲು ಸಂಜೆ ಅವನು ಮಾಳಮಡ್ಡಿಗೆ ಬಂದ. ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಿಂದ ಮಣ್ಣೆಬ್ಬಿಸಿದ. ಎರೆಮಣ್ಣು ಹೆಕ್ಕಳಿಕೆಯಾಗಿ, ಗಟ್ಟಿ ಬಿಲ್ಲೆಗಳಾಗಿ ಎದ್ದಿತು. ಅಡಿಯಲ್ಲಿ ಮೊಳಕೆಗಳು ಬಾಗಿ, ಕೊಳೆತಿದ್ದವು.

"ದಿನಾ ಪೈಪಿಲೆ ನೀರು ಬಿಟ್ಟೀರಿ. ಈ ಬಿಸಲಿಗೆ ಮ್ಯಾಲಿನ ಮಣ್ಣು ಒಣಗಿ ಕಟಕ ರೊಟ್ಟಿ ಆಗೇತಿ. ಹುಟ್ಟಿದ್ದು ಹೊರಗ ಹೆಂಗ ಬರಬೇಕು?"

ಅವನ ದನಿಯಲ್ಲಿ ಗೆದ್ದವನ ಗತ್ತಿರಲಿಲ್ಲ. ಸೋಸಿದ ಗೊಬ್ಬರಕ್ಕೆ ಉಸುಕು ಬೆರೆಸಿ, ಮೊಳೆತ ಹತ್ತೊಂಬತ್ತನ್ನೂ ಇಬ್ಬರೂ ಊರಿದರು. ಒಂದು ಕುಣಿಯಲ್ಲಿ ಬೆರಳಿಗೆ ಬೆರಳು ತಾಗಿತು. ಯಾರೂ ಬೇಗ ತೆಗೆಯಲಿಲ್ಲ.

ಕೈ ತೊಳೆದು ಹಿತ್ತಲ ಕಟ್ಟೆಯ ಮೇಲೆ ಕುಳಿತಾಗ ಅವಳೆಂದಳು: "ಅಷ್ಟು ಬೈದೆ. ನೀವು ಬೀಜ ಎಣಿಸಿಕೊಟ್ರಿ. ನನ್ನ ತಪ್ಪು ನನ್ನ ಕೈಯಾಗ ಇಟ್ರಿ, ನಾಕು ಮಂದಿ ಮುಂದ ಎತ್ತಿ ತೋರಸಲಿಲ್ಲ. ಭಾಳ ಉಪಕಾರ ಆತ್ರಿ." ಉಸಿರೆಳೆದುಕೊಂಡಳು. "ಮತ್ತ... ನಾ ಬೀಜಕ್ಕಷ್ಟ ಬರ್ತಿದ್ದಿಲ್ಲ."

"ಗೊತ್ತೈತ್ರಿ. ಹೋದ ವರ್ಷ ಮೂಲಂಗಿ ಬೀಜ ಏಳು ಸಲ ಒಯ್ದೀರಿ. ಒಬ್ಬರು ಅಷ್ಟು ಮೂಲಂಗಿ ತಿಂತಾರೇನ್ರಿ?"

"ಗೊತ್ತಿದ್ದೂ ಸುಮ್ಮನಿದ್ರಿ?"

"ಕೇಳಿದ್ರ ಬರೂದ ಬಿಟ್ಟೀರಿ ಅಂತ ಅಂಜಿದೆ." ಅವನು ಅವಳತ್ತ ತಿರುಗಿದ. "ಈಗ ಕೇಳ್ಲಿ?"

"ಕೇಳ್ರಿ."

ಮದುವೆಯ ಮಾತು ಕೇಳಿದ. ಅವಳು ಹೂಂ ಎಂದಳು. ಆಗ ಕಟ್ಟೆಯ ಮೇಲೆ ಅವರ ನಡುವೆ ಉಳಿದಿದ್ದ ಜಾಗ ಬರೀ ನಾಲ್ಕು ಸೆಂಟಿಮೀಟರ್.