ಏಳನೇ ಸೂಟಿನ ನಾತ

“ನಾತ ಇವಳ ಶೂದೇ ಮೇಡಂ!” ಚೋಟು ಮೂಗು ಹಿಡಿದುಕೊಂಡೇ ತೀರ್ಪು ಕೊಟ್ಟಳು.

ನಾಲ್ಕು ಹುಡುಗಿಯರು, ಎರಡು ಕೋಣೆ, ಒಂದೇ ಬಾತ್‌ರೂಮ್. ಇದಕ್ಕೆ ಹಾಸ್ಟೆಲಿನವರು ಇಟ್ಟ ಭಾರೀ ಹೆಸರು ‘ಸೂಟ್’. ಹತ್ತು ದಿನದಿಂದ ಏಳನೇ ಸೂಟಿನಲ್ಲಿ ಟವೆಲ್ ಒಣಗುತ್ತಿರಲಿಲ್ಲ, ಕನ್ನಡಿಯ ಮಂಜು ಆರುತ್ತಿರಲಿಲ್ಲ. ನಾತವೋ, ಕೇಳಲೇಬೇಡಿ.

ಚೋಟುವಿನ ರೂಮ್‌ಮೇಟ್ ಕೀಪರ್, ಶಾಲೆಯ ಫುಟ್‌ಬಾಲ್ ಟೀಮಿನಲ್ಲಿ ಗೋಲ್ ಕಾಯುವವಳು. ದಿನಾ ಬೆವರಿ ಬರುವವಳ ಮೇಲೆ ಗೂಬೆ ಕೂರಿಸುವುದು ಎಷ್ಟು ಹೊತ್ತಿನ ಕೆಲಸ?

“ಸರಿಯಮ್ಮ, ನೀನು ಮೂಲೆ ರೂಮಿಗೆ ಹೋಗು,” ಎಂದರು ವಾರ್ಡನ್ ಮೇಡಂ.

ಆ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಕೀಪರ್ ಹಾಸಿಗೆ ಸುತ್ತಿ ಹಗ್ಗ ಬಿಗಿದಳು.

ಅಷ್ಟರಲ್ಲಿ, ಟವೆಲ್ ಒಣಗದ ದೂರು ಕೇಳಿ ರಿಪೇರಿ ಅಂಕಲ್ ಏಣಿ ಹೊತ್ತು ಬಂದರು. ಬಾತ್‌ರೂಮ್ ಫ್ಯಾನಿಗೆ ಟಿಶ್ಯೂ ಪೇಪರ್ ಹಿಡಿದರು. ಅದು ಅಂಟಿಕೊಳ್ಳುವ ಬದಲು ಮೆಲ್ಲಗೆ ಅವರ ಬೋಳುತಲೆಯ ಮೇಲೆ ಇಳಿಯಿತು.

“ಫ್ಯಾನೇನೋ ಸುತ್ತುತ್ತಾ ಇದೆ. ಎಳೆಯೋಕೆ ಗಾಳಿ ಬೇಕಲ್ಲಮ್ಮಾ?” ಎಂದರು ಅಂಕಲ್. “ಹೊಸ ಗಾಳಿ ನಿಮ್ಮ ರೂಮಿನ ಕಿಂಡಿಯಿಂದ ಬಂದು, ಬಾಗಿಲ ಸಂದೀಲಿ ನುಸುಳಿ, ಈ ಫ್ಯಾನಿಂದ ಆಚೆ ಹೋಗ್ಬೇಕು. ಬರೋ ದಾರಿ ಮುಚ್ಚಿದ್ರೆ ನಾತ ಇಲ್ಲೇ ಸಂಸಾರ ಹೂಡುತ್ತೆ.”

ಚೋಟು ತಟ್ಟನೆ ತನ್ನ ಮಂಚದ ಕಡೆ ತಿರುಗಿದಳು. ಆ ಕಿಂಡಿ ಇದ್ದದ್ದು ಅವಳ ಮಂಚದ ಮೇಲೇ. ಕತ್ತಿಗೆ ಚಳಿಗಾಳಿ ಹೊಡೆಯುತ್ತದೆಂದು ಅದರೊಳಗೆ ಹಳೇ ಸ್ವೆಟರ್ ತುರುಕಿದ್ದಳು. ಯಾವತ್ತು? ಬೆರಳು ಮಡಚಿ ಎಣಿಸಿದಳು. ಹತ್ತು ದಿನ.

ಅಂಕಲ್ ಏಣಿಯನ್ನು ಅವಳ ಮಂಚದತ್ತ ತಂದರು. ಚೋಟು ಅಡ್ಡ ನಿಂತಳು. ಓಡಿಹೋಗಬೇಕು ಅನ್ನಿಸಿತು. ಪಕ್ಕದಲ್ಲಿ ಸುತ್ತಿಟ್ಟ ಹಾಸಿಗೆ ಕಂಡಿತು.

“ನಾನೇ ತೆಗೀತೀನಿ ಅಂಕಲ್. ತುರುಕಿದ್ದೂ ನಾನೇ.”

ಎಳೆದರೆ ಸ್ವೆಟರಿನ ತುಂಬಾ ಬೂಷ್ಟು. ವಾರ್ಡನ್ ಮೇಡಂ ಅದನ್ನು ಎರಡೇ ಬೆರಳಲ್ಲಿ ಹಿಡಿದು, “ತಾಯೀ, ನಿನ್ನ ಮೂಗಿಗೆ ದೊಡ್ಡ ನಮಸ್ಕಾರ,” ಎಂದರು. ಅಂಕಲ್ ಮತ್ತೆ ಫ್ಯಾನಿಗೆ ಟಿಶ್ಯೂ ಹಿಡಿದರು. ಈ ಸಲ ಅದು ಪಟ್ಟನೆ ಅಂಟಿಕೊಂಡಿತು.

“ಶೂನ ನಾಲ್ಕು ಸಲ ತೊಳೆದೆ ಕಣೇ,” ಎಂದಳು ಕೀಪರ್. ಬೈಯಲಿಲ್ಲ. ನಾಲ್ಕು ಬೈದಿದ್ದರೆ ಚೋಟುವಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಚೋಟು ಕೀಪರಳ ಮಂಚದ ಕೆಳಗಿದ್ದ ಶೂ ಎತ್ತಿ ಮೂಸಿದಳು. ಬರೀ ಸೋಪಿನ ವಾಸನೆ. ಇಷ್ಟು ದಿನ ಅದನ್ನು ಒಂದು ಸಲವೂ ಮೂಸಿಯೇ ನೋಡಿರಲಿಲ್ಲ.

ಕಿಂಡಿಯಿಂದ ಚಳಿಗಾಳಿ ಕತ್ತಿಗೆ ಹೊಡೆಯುತ್ತಿತ್ತು. ಚೋಟು ಅಲ್ಲೇ ಕೂತು, ಕೀಪರಳ ಹಾಸಿಗೆಯ ಹಗ್ಗ ಬಿಚ್ಚತೊಡಗಿದಳು.