ಕಣ್ಣೊಳಗಿನ ಬಿಳಿ ಗೆರೆಗಳು

ಕಾರ್ಖಾನೆಯ ಅಂಗಳದಲ್ಲಿ ಕಬ್ಬಿಣದ ತೊಲೆ ನಡುಗಾಳಿಯಲ್ಲೇ ನಿಂತುಬಿಟ್ಟಿತು. ಕೆಳಗಿನವರು ಎಷ್ಟು ಕೂಗಿದರೂ ಕ್ರೇನ್ ಚಾಲಕ ಓಗೊಡಲಿಲ್ಲ. ಏಣಿ ಹತ್ತಿ ನೋಡಿದರೆ ಆತ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದಿದ್ದ. ಪಕ್ಕದಲ್ಲಿ ಅರ್ಧ ಉಂಡ ಊಟದ ಡಬ್ಬಿ. ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಜೀವ ಹೋಯಿತು.

ಅದೇ ಕಾರ್ಖಾನೆಯ ಮೇಲ್ವಿಚಾರಕ ಅವನ ಸ್ವಂತ ಅಣ್ಣ. ತಮ್ಮನ ಹೆಂಡತಿಯೇ ಊಟಕ್ಕೆ ವಿಷ ಹಾಕಿದ್ದಾಳೆಂದು ಪೊಲೀಸರಿಗೆ ದೂರು ಕೊಟ್ಟ.

"ಗುಂಡುಕಲ್ಲಿನ ಹಾಗಿದ್ದ ಮೇಡಂ. ಹೋದ ವಾರ ಕ್ರೇನ್ ಕೆಲಸದ ತಪಾಸಣೆಗೆ ಕಣ್ಣು ಕೂಡ ತೋರಿಸಿದ್ವಿ. ಎಲ್ಲಾ ಸರಿಯಿತ್ತು."

ಗಂಡಹೆಂಡಿರ ಜಗಳಕ್ಕೆ ಇಡೀ ಬೀದಿಯೇ ಸಾಕ್ಷಿ. ಇನ್‌ಸ್ಪೆಕ್ಟರ್ ಹಿಂದೆಮುಂದೆ ನೋಡದೆ ಅವಳನ್ನು ಲಾಕಪ್ಪಿಗೆ ಹಾಕಿದಳು.

*

ಮೂರನೆಯ ದಿನ ವರದಿ ಬಂತು. ಡಬ್ಬಿಯಲ್ಲೂ ಹೊಟ್ಟೆಯಲ್ಲೂ ವಿಷವಿಲ್ಲ. ಜಠರದ ಹಿಂದಿನ ಮೇದೋಜೀರಕ ಗ್ರಂಥಿ ಮಾತ್ರ ಊದಿ ಕೊಳೆತಿತ್ತು. ಆಸ್ಪತ್ರೆಯಲ್ಲಿ ತೆಗೆದ ರಕ್ತ ಹಾಲಿನಂತೆ ಬೆಳ್ಳಗಿತ್ತೆಂದು ಲ್ಯಾಬಿನವನು ಹೇಳಿದ.

ಇನ್‌ಸ್ಪೆಕ್ಟರ್ ಅಣ್ಣನ ಹೇಳಿಕೆಯನ್ನು ಮತ್ತೆ ತೆಗೆದು ಓದಿದಳು. ಕಣ್ಣಿನ ಬಗ್ಗೆ ತಾನು ಪ್ರಶ್ನೆಯನ್ನೇ ಕೇಳಿರಲಿಲ್ಲ. ಅಣ್ಣನೇಕೆ ಆ ಮಾತೆತ್ತಿದ?

ಸತ್ತವನ ಕಣ್ಣು ಪರೀಕ್ಷಿಸಿದ್ದ ಡಾಕ್ಟರು ಆಗ ತೆಗೆದ ಕಣ್ಣೊಳಗಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು.

"ಈ ಗೆರೆಗಳು ರಕ್ತನಾಳ. ಕೆಂಪಗಿರಬೇಕಿತ್ತು. ರಕ್ತದಲ್ಲಿ ಕೊಬ್ಬು ವಿಪರೀತ ಏರಿದರೆ ಹೀಗೆ ಬೆಳ್ಳಗಾಗುತ್ತೆ."

"ಅವನಿಗೆ ಗೊತ್ತಾಗಲಿಲ್ವಾ?"

"ದೃಷ್ಟಿ ಚೆನ್ನಾಗೇ ಇತ್ತು, ಹೇಗೆ ಗೊತ್ತಾಗುತ್ತೆ? ಅದೇ ಕೊಬ್ಬು ಮೇದೋಜೀರಕ ಗ್ರಂಥಿಯನ್ನ ಕೆಡಿಸಿ ಪ್ರಾಣ ತೆಗೆಯಬಹುದು. ಇವತ್ತೇ ಆಸ್ಪತ್ರೆಗೆ ಸೇರಿಸಿ ಅಂತ ಪತ್ರ ಬರೆದು ಅಣ್ಣನ ಕೈಗೆ ಕೊಟ್ಟೆ."

ಆಗಲೇ ಚಿಕಿತ್ಸೆ ಆಗಿದ್ದರೆ ಬಹುಶಃ ಬದುಕುತ್ತಿದ್ದ, ನಾಳಗಳೂ ಮತ್ತೆ ಕೆಂಪಾಗುತ್ತಿದ್ದವು ಎಂದರು.

*

ಕಾರ್ಖಾನೆಯ ಕಡತದಲ್ಲಿ ಆ ಪತ್ರವಿರಲಿಲ್ಲ. 'ಕೆಲಸಕ್ಕೆ ಯೋಗ್ಯ' ಎಂಬ ಹಾಳೆಯಿತ್ತು. ಡಾಕ್ಟರ ಸಹಿ ಖೋಟಾ, ಕೈಬರಹ ಅಣ್ಣನದು.

ಹಾಳೆ ಮುಂದಿಟ್ಟಾಗ ಅಣ್ಣ ಒಪ್ಪಿಕೊಂಡ. ಹೊಸಬ ಬರುವವರೆಗೆ ಆ ಕ್ರೇನು ನಡೆಸಲು ಬೇರೆ ಆಳಿರಲಿಲ್ಲವಂತೆ. ತಮ್ಮನಿಗೆ ವಿಷಯವನ್ನೇ ಹೇಳಿರಲಿಲ್ಲ. ಕಾಯಿಲೆಯಿಂದ ಸತ್ತನೆಂದರೆ ಡಾಕ್ಟರ ಪತ್ರ ಹೊರಬರುತ್ತಿತ್ತು, ಅದಕ್ಕೇ ವಿಷದ ಕಥೆ ಕಟ್ಟಿದ.

"ಇನ್ನೊಂದು ವಾರ ತಳ್ಳಿದ್ರೆ ಸಾಕಿತ್ತು ಮೇಡಂ."

*

ಇನ್‌ಸ್ಪೆಕ್ಟರ್ ತಾನೇ ಲಾಕಪ್ಪಿನ ಬೀಗ ತೆಗೆದಳು. ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಎಂದಳು. ಹೆಂಡತಿ ಗೋಡೆಗೊರಗಿ ಕೇಳಿಸಿಕೊಂಡಳು. ಗಂಡನಿಗೆ ಹೊಟ್ಟೆನೋವಿತ್ತು, ಕೆಲಸಕ್ಕೆ ಹೋಗಬೇಡಿ ಎಂದದ್ದಕ್ಕೇ ಜಗಳವಾಗಿತ್ತಂತೆ.

"ಅವರನ್ನ ಎಲ್ಲಿ ಮಣ್ಣು ಮಾಡಿದ್ರು?"

ಹಿಂದಿನ ದಿನ ಅಣ್ಣನಿಗೆ ಶವ ಬಿಟ್ಟುಕೊಡಲು ಸಹಿ ಹಾಕಿದವಳು ಇನ್‌ಸ್ಪೆಕ್ಟರೇ. ಎಲ್ಲಿಗೆ ಒಯ್ದರೆಂದು ಕೇಳಿರಲಿಲ್ಲ. ಗೊತ್ತಿದ್ದವನು ಹೊರಗೆ ಬೇಡಿ ತೊಟ್ಟು ಕೂತಿದ್ದ. ಅವನನ್ನು ಕೇಳಿಕೊಂಡು ಬರಲು ಇನ್‌ಸ್ಪೆಕ್ಟರ್ ಹೊರನಡೆದಳು.