ಬೇವಿನ ಕ್ರಾಸಿನಲ್ಲಿ ತುಂಬಿದ ಉಡಿ

೧೯೭೯ರ ಸೆಪ್ಟೆಂಬರ್ ತಿಂಗಳ ಒಂದು ಗುರುವಾರ ಮಧ್ಯಾಹ್ನ ಹುನಗುಂದ ಪೊಲೀಸ್ ಠಾಣೆಯ ಮುಂದೆ ಶೇಂಗಾ ಚೀಲ ಹೇರಿದ ಲಾರಿಯೊಂದು ನಿಂತಿತು. ಕ್ಯಾಬಿನ್ನಿನಿಂದ ಮೊದಲು ಇಳಿದವನು ಶಿರೂರಿನ ಮುದಕಪ್ಪ. ಅವನು ಕೈಹಿಡಿದು ಇಳಿಸಿದ್ದು ತನ್ನ ತಂಗಿ ಮಾಯವ್ವನನ್ನು. ನೆಲಕ್ಕೆ ಕಾಲಿಡುವ ಮೊದಲು ಅವಳು ಹೊಳೆಗೆ ಇಳಿಯುವವಳಂತೆ ಸೀರೆಯ ನೆರಿಗೆ ಎತ್ತಿ ಹಿಡಿದಳು. ಅಂಗಳದಲ್ಲಿ ಹನಿ ನೀರಿರಲಿಲ್ಲ.

"ಸಾಹೇಬ್ರ, ನಮ್ಮ ಕೂಸು ಕಳದೈತ್ರಿ. ಐದ ತಿಂಗಳ ಹೆಣ್ಣಕೂಸು. ಚಂದವ್ವ ಅಂತ ಹೆಸರು," ಎಂದ ಮುದಕಪ್ಪ.

ಪಿ.ಎಸ್.ಐ. ದುರಗಪ್ಪ ಕುರ್ಚಿ ತೋರಿಸಿದ. ಮಾಯವ್ವ ಕೂರಲಿಲ್ಲ. ಗೋಡೆಗೆ ಒರಗಿ, ಬರಿದಾದ ತೋಳನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ತೂಗುತ್ತ, ಜೋಗುಳದ ಹಾಗೆ ಏನೋ ಗುನುಗುತ್ತಿದ್ದಳು. ದುರಗಪ್ಪನ ಮನೆಯಲ್ಲೂ ತೊಟ್ಟಿಲ ಕೂಸು ಇತ್ತು.

ಹೆಡ್ ಕಾನ್ಸ್‌ಟೇಬಲ್ ಈರಪ್ಪ ಬಾಯಲ್ಲಿದ್ದ ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಲಾರಿಯವನನ್ನು ವಿಚಾರಿಸಿಕೊಂಡು ಬಂದು ಪಿಸುಗುಟ್ಟಿದ. "ಗಾಳಿ ಹೊಕ್ಕೈತ್ರಿ ಸಾಹೇಬ್ರ. ನಡುಮಧ್ಯಾಹ್ನ ಬೇವಿನ ಗಿಡದ ಬುಡಕ ನಿಂತಿದ್ಳಂತ."

"ಗಾಳಿ ನಿನ್ನ ತಲಿಯಾಗ ಹೊಕ್ಕೈತಿ. ಆಕಿ ಕಣ್ಣ ನೋಡು ಮೊದಲ. ದವಾಖಾನಿಗೆ ಕರಕೊಂಡು ನಡಿ."

ಮಾಯವ್ವನ ಕಣ್ಣಪಾಪೆಗಳು ಅಷ್ಟಗಲ ಹಿಗ್ಗಿದ್ದವು. ನಾಲಿಗೆ ಒಣಗಿತ್ತು. ಸರ್ಕಾರಿ ದವಾಖಾನೆಯ ವೈದ್ಯರು ಪರೀಕ್ಷಿಸಿ, ಇದು ಮದಗುಣಕಿಯ, ಅಂದರೆ ದತ್ತೂರಿ ಬೀಜದ, ಅಮಲೇ ಇರಬೇಕೆಂದರು. ಯಾರೋ ತಿನ್ನಿಸಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಮಂಪರು ಇಳಿಯಲು ಹೊತ್ತು ಬೇಕು. ಮಾಯವ್ವನ ಕೊರಳಲ್ಲಿ ಬಂಗಾರದ ಬೋರಮಾಳ ಹಾಗೇ ಇತ್ತು. ಕಳ್ಳರು ಅದನ್ನು ಬಿಟ್ಟು ಹೋಗುವವರಲ್ಲ ಎಂಬುದನ್ನು ದುರಗಪ್ಪ ಮನಸ್ಸಿನಲ್ಲಿ ಗಂಟುಹಾಕಿಕೊಂಡ.

ದವಾಖಾನೆಯ ವರಾಂಡದಲ್ಲೇ ಮುದಕಪ್ಪನ ವಿಚಾರಣೆ ನಡೆಯಿತು.

"ಎಲ್ಲಿ ಬಿಟ್ಟಿದ್ದಿ ತಂಗಿನ್ನ?"

"ಕಮತಗಿ ಆಚೆ, ಬೇವಿನ ಕ್ರಾಸಿನಾಗ್ರಿ. ಪಟ್ಟದಕಲ್ಲ ಕಡೆ ಗಂಡನ ಮನಿಗೆ ಕಳಸಾಕ ಚಕ್ಕಡಿ ಹೂಡಿಕೊಂಡು ಹೋಗಿದ್ದೆ. ಬದಾಮಿ ಬಸ್ಸು ಅಲ್ಲೇ ನಿಂದ್ರತೈತಿ."

"ಬಸ್ಸು ಬರೂತನಕ ನಿಂದ್ರಾಕ ಏನಾಗಿತ್ತು ನಿನಗ?"

ಮುದಕಪ್ಪ ತಲೆ ತಗ್ಗಿಸಿದ. "ಅಲ್ಲಿ ಹಿರೇಮನುಷ್ಯಾಳು ಒಬ್ಬಾಕಿ ಕುಂತಿದ್ಳರಿ. ಹಸರ ಸೀರಿ, ಹಣಿತುಂಬ ಕುಂಕುಮ. 'ನಾನೂ ಅದ ಬಸ್ಸಿಗೆ ಹೋಗಾಕಿ, ನೀ ನಡಿಯಪ್ಪ, ಎತ್ತಿಗೆ ಬಿಸಲಾಕ್ಕೈತಿ' ಅಂದ್ಳು. ದೇವರಂಥಾಕಿ ಅನಿಸ್ತು. ಹಾದಿಯಾಗ ನೋಡತೇನಿ, ತಂಗಿ ಬುತ್ತಿಗಂಟು ಚಕ್ಕಡಿಯಾಗ ಉಳದಿತ್ತು. ಹೊಳ್ಳಿ ಬಂದ್ಯಾ. ಈಕಿ ಒಬ್ಬಾಕೇ ಗಿಡದ ಸುತ್ತ ತಿರಗಾಕತ್ತಿದ್ಳು. ಚಕ್ಕಡಿ ಕಮತಗ್ಯಾಗ ಬಿಟ್ಟು, ಸಿಕ್ಕ ಲಾರಿ ಹತ್ತಿಸಿಕೊಂಡು ಬಂದ್ಯಾ."

ಈರಪ್ಪ ಬರೆದುಕೊಂಡ. ಅಪಹರಣ, ಅಮಲು ಪದಾರ್ಥ ತಿನ್ನಿಸಿದ್ದು, ಎರಡೂ ಕಲಮುಗಳಡಿ ಎಫ್.ಐ.ಆರ್. ದಾಖಲಾಯಿತು. ಮಾಯವ್ವನ ಗಂಡ ಅಮಸಿದ್ದಪ್ಪ ಕುರಿಹಿಂಡಿನ ಜೊತೆ ದೂರ ಹೋಗಿದ್ದ. ಅವನಿಗೆ ಸುದ್ದಿ ಮುಟ್ಟಿಸಲು ದಾರಿಯೇ ಇರಲಿಲ್ಲ.

ಕ್ರಾಸಿನಲ್ಲಿ ಪಂಚನಾಮೆ ಮಾಡುವಾಗ ಬಿಸಿಲು ಹಳದಿಗೆ ತಿರುಗಿತ್ತು. ಒಂದು ಬೇವಿನ ಮರ, ಒಂದು ಮೈಲುಗಲ್ಲು, ಸುತ್ತ ಸಜ್ಜೆಯ ಹೊಲ, ಅಷ್ಟೇ. ತೆನೆಗಳೆಲ್ಲ ಒಂದೇ ಕಡೆಗೆ ತಲೆದೂಗುತ್ತಿದ್ದವು. ಕೂಗಿದರೆ ಓಗೊಡಲು ಒಂದು ನರಪಿಳ್ಳೆಯೂ ಇಲ್ಲದ ಜಾಗ. ಅಲ್ಲಿ ತುಸು ಹೊತ್ತು ನಿಂತರೆ ಬಸ್ಸು, ಊರು, ಹೊತ್ತು ಎಲ್ಲ ಸುಳ್ಳೆನಿಸುತ್ತಿತ್ತು. ಮರದ ಬುಡದಲ್ಲಿ ಒಂದು ಎಲೆಯ ದೊನ್ನೆ ಸಿಕ್ಕಿತು, ಅದರಲ್ಲಿ ಮಾದಲಿಯ ಪುಡಿ ಅಂಟಿತ್ತು. ಬೆಲ್ಲ, ಏಲಕ್ಕಿ ಹಾಕಿದ ಸಿಹಿಪುಡಿ, ನಾಲ್ಕಾರು ಇರುವೆಗಳು ಮುತ್ತಿದ್ದವು. ಕಮತಗಿಯ ಇಬ್ಬರು ಪಂಚರ ಸಮಕ್ಷಮ ಅದನ್ನು ಕಟ್ಟಿ, ಅರಗು ಹಾಕಿ, ರಾಸಾಯನಿಕ ಪರೀಕ್ಷೆಗೆ ಕಳಿಸಲಾಯಿತು. ಸುತ್ತಲ ಬಾವಿಗಳಿಗೆಲ್ಲ ಪೇದೆಗಳು ಇಣುಕಿ ನೋಡಿದರು.

ದವಾಖಾನೆಗೆ ಮರಳಿದಾಗ ಮಾಯವ್ವ ಮಾತಾಡುವಷ್ಟಾಗಿದ್ದಳು. ಆದರೂ ಅವಳ ಮಾತು ನಿದ್ದೆಯ ಆಚೆದಡದಿಂದ ಬರುತ್ತಿತ್ತು.

"ಆಕಿ ಏನ ಕೇಳಿದ್ಳು ತಂಗಿ?"

"ತವರುಮನಿ ಯಾವುದವ್ವಾ ಅಂದ್ಳರಿ. ಶಿರೂರು ಅಂದ್ಯಾ. ಶಿರೂರಾಗ ನಮ್ಮಕ್ಕನ್ನ ಕೊಟ್ಟೈತಿ, ನೀ ನನಗ ಮಗಳಾಗಬೇಕು, ಉಡಿ ತುಂಬತೇನಿ ಅಂದ್ಳು."

"ಗುರ್ತಿಲ್ಲದಾಕಿ ಕೊಟ್ಟದ್ದು ತಿಂದೀಯಲ್ಲ?"

ಮಾಯವ್ವ ದುರಗಪ್ಪನನ್ನೇ ಬೆರಗಿನಿಂದ ನೋಡಿದಳು. "ಉಡಿ ತುಂಬತೇನಿ ಅಂದ್ರ ಬ್ಯಾಡ ಅನ್ನಾಕ ಬರತೈತೇನ್ರಿ? ಅಕ್ಕಿ, ಕೊಬ್ಬರಿ ಗಿಟಕ, ಉತ್ತತ್ತಿ ಹಾಕಿ, ಬಾಯಾಗ ಮಾದಲಿ ಇಟ್ಳು."

ಮಡಿಲು ತುಂಬಿಸಿಕೊಳ್ಳಲು ಸೆರಗೊಡ್ಡಿ ನಿಂತ ಹೆಣ್ಣುಮಗಳು ಆ ಹೊತ್ತಿನಲ್ಲಿ ಎದುರಿನವಳ ಮುಖ ನೋಡುವುದಿಲ್ಲ, ನೆಲ ನೋಡುತ್ತಾಳೆ. ದುರಗಪ್ಪನ ತಾಯಿಯಾಗಿದ್ದರೂ ಬೇಡವೆನ್ನುತ್ತಿರಲಿಲ್ಲ. ಬಂದವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಆಮ್ಯಾಲೆ?"

"ಆಮ್ಯಾಲೆ ಸಜ್ಜಿಹೊಲ ಎಲ್ಲಾ ನೀರಾತ್ರಿ. ನನ್ನ ಚಂದವ್ವ ಆ ನೀರ ಮ್ಯಾಲ ಹೊಂಟಿದ್ಳು. ಹಸರ ತೊಟ್ಟಲದಾಗ. ಅಳಲಿಲ್ಲ. ನಕ್ಕೋತ ಹೊಂಟಿದ್ಳು."

ಈರಪ್ಪ ಲೇಖನಿ ಕೆಳಗಿಟ್ಟ. "ಇದು ಅಮಲಿನ ಮಾತು ಸಾಹೇಬ್ರ. ಬರಿಯೂದ ಬ್ಯಾಡ."

"ಬರಿ," ಎಂದ ದುರಗಪ್ಪ. ಏಕೆಂದು ಅವನಿಗೂ ಗೊತ್ತಿರಲಿಲ್ಲ. ನೀರು ಎಂಬ ಮಾತನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ, ಅಷ್ಟೇ.

ಸಂಜೆ ಅವರು ಜೀಪಿನಲ್ಲಿ ಬದಾಮಿಗೆ ಹೊರಟರು. ಹೆಂಗಸು ಬಸ್ಸಿಗೆ ಕಾದಿದ್ದು ನಿಜವಾದರೆ ಬಸ್ಸಿನವರು ನೋಡಿರಬೇಕು. ಮಾಯವ್ವ ಹಟಹಿಡಿದು ಅಣ್ಣನ ಜೊತೆ ಹಿಂದೆ ಕೂತಳು. ವೈದ್ಯರು ಬೇಡವೆಂದರೂ ಕೇಳಲಿಲ್ಲ. ಎದೆಯಲ್ಲಿ ಹಾಲು ಬಿಗಿದು ನೋಯುತ್ತಿತ್ತು, ಬಾಯಿಬಿಟ್ಟು ಹೇಳಲೊಲ್ಲಳು. ದಾರಿಯ ಬಲಕ್ಕೆ ಕೆಂಪು ಬಂಡೆಗಳು ಮುಳುಗುವ ಬಿಸಿಲನ್ನು ಕುಡಿದು ಕುಳಿತಿದ್ದವು.

ಬದಾಮಿ ಬಸ್‌ಸ್ಟ್ಯಾಂಡಿನಲ್ಲಿ ಆ ಬಸ್ಸಿನ ಕಂಡಕ್ಟರ್ ಹಣಮಪ್ಪ ಚಹಾ ಕುಡಿಯುತ್ತಿದ್ದ.

"ಹಸರ ಸೀರಿ ಮುದುಕಿ, ಕೂಸು?"

"ಹತ್ತಿದ್ಳರಿ. ಕೂಸು ಒಂದ ಸಮ ಅಳತಿತ್ತು. ಅವ್ವ ಎಲ್ಲಿ ಅಂದ್ರ, ಬಾಣಂತಿಗೆ ಜ್ವರ, ನಾ ಅಜ್ಜಿ ಅಂದ್ಳು. ಕಡೀಕ ನಮ್ಮ ಲಾಡಬಿ ಹಾಲ ಕುಡಿಸಿದ್ಳು. ಇಲ್ಲೇ ಬಾಳಿಹಣ್ಣು ಮಾರತಾಳ ನೋಡ್ರಿ."

ಲಾಡಬಿ ತನ್ನ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಬುಟ್ಟಿ ಕಟ್ಟುತ್ತಿದ್ದಳು. ಪೊಲೀಸರೆಂದರೆ ಅವಳಿಗೆ ಹೆದರಿಕೆ, ಎರಡು ಹೆಜ್ಜೆ ಹಿಂದೆ ಸರಿದಳು. ಮಾಯವ್ವ ಮುಂದೆ ಬಂದು ಕೈಮುಗಿದಾಗ ಅವಳ ಮುಖ ಬದಲಾಯಿತು.

"ಅಯ್ಯ ಖುದಾ, ನಿನ್ನ ಕೂಸೇನ ಅದು? ಹೊಟ್ಟಿತುಂಬ ಕುಡೀತವ್ವಾ. ಅಳಬ್ಯಾಡ."

"ಆಕಿ ನಿನ್ನ ಹತ್ರ ಏನರ ಕೇಳಿದ್ಳೇನು?" ದುರಗಪ್ಪ ಕೇಳಿದ.

"ಹಣ್ಣ ತಗೋಲಿಲ್ರಿ. ಬಾಳಿದಿಂಡು ಎಲ್ಲಿ ಸಿಗತಾವು ಅಂತ ಕೇಳಿದ್ಳು. ನಮ್ಮ ತೋಟದವರ ಹೆಸರು ಹೇಳಿ ಕಳಿಸಿದ್ಯಾ."

ದುರಗಪ್ಪ ನಿಂತಲ್ಲೇ ನಿಂತ. ಬಾಳೆದಿಂಡು, ಹಸಿರು ತೊಟ್ಟಿಲು, ನೀರು. ಬನಶಂಕರಿಯ ಹೊಂಡದಲ್ಲಿ ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪ ಕಟ್ಟಿ, ಕೂಸನ್ನು ಮಲಗಿಸಿ, ಈ ದಂಡೆಯಿಂದ ಆ ದಂಡೆಗೆ ತೇಲಿಬಿಡುತ್ತಾರೆ. ಆಚೆ ನಿಂತ ಬಂಧುಗಳು ಎತ್ತಿಕೊಳ್ಳುತ್ತಾರೆ. ಅವನನ್ನೂ ಅವನ ತಾಯಿ ಹಾಗೆ ತೇಲಿಬಿಟ್ಟಿದ್ದಳು. ಮಾಯವ್ವ ಕಂಡದ್ದು ಕನಸಲ್ಲ. ಮಂಪರು ಏರುವಾಗ ಕಿವಿಯ ಹತ್ತಿರ ಆ ಹೆಂಗಸು ಹೇಳಿದ ಮಾತೇ ಕಣ್ಣಿಗೆ ಚಿತ್ರವಾಗಿ ಬಂದಿತ್ತು.

"ನಾಳೆ ಶುಕ್ರವಾರ, ದೇವಿ ವಾರ," ಎಂದ ಈರಪ್ಪ. ಈ ಸಲ ಅವನ ಬಾಯಲ್ಲಿ ತಂಬಾಕು ಇರಲಿಲ್ಲ.

ಬದಾಮಿ ಠಾಣೆಗೆ ತಿಳಿಸಿ, ಬನಶಂಕರಿಯ ಸುತ್ತಲ ಮಂಟಪ, ಧರ್ಮಶಾಲೆಗಳನ್ನೆಲ್ಲ ಹುಡುಕಿದರು, ಸಿಗಲಿಲ್ಲ. ಬೆಳಕು ಹರಿಯುವ ಮುನ್ನ ಹೊಂಡದ ದಂಡೆಗೆ ಬಂದು ಕಲ್ಲುಕಂಬಗಳ ಮರೆಯಲ್ಲಿ ನಿಂತರು.

ನೀರಿನ ಮೇಲೆ ಮಂಜು ಹಾಸಿತ್ತು. ಎದುರು ದಂಡೆಯಲ್ಲಿ ಹಸಿರು ಸೀರೆಯೊಂದು ಮೆಟ್ಟಿಲು ಇಳಿಯಿತು. ತೆಪ್ಪವನ್ನು ನೀರಿಗೆ ಇಟ್ಟು, ಅದರ ಮೇಲೆ ಬಟ್ಟೆ ಹಾಸಿ, ಕೂಸನ್ನು ಮಲಗಿಸಿತು. ಮುದಕಪ್ಪ ಬಾಯಿ ತೆರೆದ. ದುರಗಪ್ಪ ಅವನ ಬಾಯಿ ಒತ್ತಿ ಹಿಡಿದ. ಒಂದು ಕೂಗಿಗೆ ಆ ಮುದಿ ಕೈ ನಡುಗಿದರೆ ಸಾಕು, ತೆಪ್ಪ ಮಗುಚುತ್ತಿತ್ತು. ಬದಾಮಿ ಠಾಣೆಯ ಇಬ್ಬರು ಪೇದೆಗಳು ಸದ್ದಿಲ್ಲದೆ ನೀರಿಗೆ ಇಳಿದು ಕತ್ತಿನವರೆಗೆ ಮುಳುಗಿ ನಿಂತರು.

ಹೆಂಗಸು ಸೊಂಟದವರೆಗೆ ನೀರಿನಲ್ಲಿ ನಡೆದು ತೆಪ್ಪವನ್ನು ಮೆಲ್ಲಗೆ ನೂಕಿದಳು. ಆಮೇಲೆ ತಲೆಯೆತ್ತಿ ಮಂಜಿನತ್ತ ನೋಡಿ ಕೂಗಿದಳು. ಅವಳ ಪಾಲಿಗೆ ಆಚೆ ನಿಲ್ಲುವವರು ಯಾರೂ ಇರಲಿಲ್ಲ. "ಆ ದಂಡಿಗೆ ಯಾರರ ಅದೀರೇನವ್ವಾ? ಕೂಸಿನ್ನ ಹಿಡೀರೆವ್ವಾ!"

"ಅದೇನಿ," ಎಂದಳು ಮಾಯವ್ವ.

ತೆಪ್ಪ ತಾನೇ ತಾನಾಗಿ ಬಂತು. ಎಷ್ಟು ಹೊತ್ತು ಹಿಡಿಯಿತೋ, ಆ ಹೊತ್ತಿನಲ್ಲಿ ಹಕ್ಕಿಗಳೂ ಕೂಗಿದಂತಿರಲಿಲ್ಲ. ಮಾಯವ್ವ ನೀರಿಗಿಳಿದು ಎರಡೂ ಕೈ ಚಾಚಿದಳು. ಚಂದವ್ವ ಒಮ್ಮೆ ಸೀನಿ, ತಾಯಿಯ ಎದೆಗೆ ಬಾಯಿ ಹಚ್ಚಿದಳು. ಈರಪ್ಪ ಕಂಬದ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಹೆಂಗಸು ಓಡಲಿಲ್ಲ. ದುರಗಪ್ಪ ಸುತ್ತುಹಾಕಿ ಬಂದಾಗ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. "ಮುಟ್ಟಿತೇನ್ರಿ?" ಎಂದು ಮೊದಲು ಅವಳೇ ಕೇಳಿದಳು.

"ಮುಟ್ಟಿತು. ಹೆಸರೇನು?"

"ಇಂದ್ರವ್ವ. ಇಳಕಲ್ಲ ಹತ್ರದಾಕಿ."

ಅವಳ ಹೇಳಿಕೆ ಚಿಕ್ಕದು. ಹರಕೆ ಹೊತ್ತು ಬಹಳ ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು. ತೇಲಿಬಿಡಬೇಕಿತ್ತು. ಈ ಸುಗ್ಗಿ ಮುಗಿಯಲಿ, ಮುಂದಿನ ಸುಗ್ಗಿ ಮುಗಿಯಲಿ ಎಂದು ಮನೆಯವರು ದೂಡಿದರು. ಕೂಸು ಜ್ವರದಲ್ಲಿ ಹೋಯಿತು. ಅಂದಿನಿಂದ ಕಣ್ಣು ಮುಚ್ಚಿದರೆ ಮಗಳು ನಡುನೀರಿನಲ್ಲಿ ನಿಂತಿರುತ್ತಾಳೆ, ಆ ದಂಡೆಗೂ ಇಲ್ಲ, ಈ ದಂಡೆಗೂ ಇಲ್ಲ. ಒಂದು ಕೂಸನ್ನು ದಾಟಿಸಿದರೆ ಅವಳೂ ದಾಟುತ್ತಾಳೆ ಎನ್ನಿಸಿತು. ದಾಟಿಸಿ, ಮತ್ತೆ ಬೇವಿನ ಕ್ರಾಸಿಗೆ ಒಯ್ದು ಕೊಡುವವಳಿದ್ದೆ ಎಂದಳು. ದುರಗಪ್ಪ ಅದನ್ನು ನಂಬಿದ. ನಂಬಿದರೂ ಮಾಯವ್ವ ಅಮಲಿನಲ್ಲಿ ಬಸ್ಸಿನಡಿ ಬಿದ್ದು ಸಾಯಬಹುದಿತ್ತು ಎಂಬುದು ಸುಳ್ಳಾಗುತ್ತಿರಲಿಲ್ಲ.

"ಹಿಂಗ ಐತಿ ಅಂತ ಬಾಯಿಬಿಟ್ಟು ಕೇಳಬಾರದಿತ್ತೇನು?" ಎಂದ.

"ಗುರ್ತಿಲ್ಲದಾಕಿ ಕೇಳಿದ್ರ ಕೂಸಿನ್ನ ಯಾರ ಕೊಡ್ತಾರ್ರಿ, ಸಾಹೇಬ್ರ?"

ಕೂಸಿಗೆ ಹಾಲೂಡಿಸುತ್ತ ಬಂದು ನಿಂತಿದ್ದ ಮಾಯವ್ವ ಆ ಮಾತು ಕೇಳಿದಳು. ಅವಳು ಬೈಯಲಿಲ್ಲ, ಕೈಯೆತ್ತಲಿಲ್ಲ.

"ನಿನ್ನೆ ಕೇಳಿದ್ರ ನಿನ್ನ ಸಂಗಾಟ ನಾನೂ ಬರ್ತಿದ್ಯಾ ಯವ್ವಾ," ಎಂದಳು. "ಇನ್ನ ಯಾರ ಕೇಳಿದ್ರೂ ಕೊಡೂದಿಲ್ಲ."

ಅಲ್ಲಿಯವರೆಗೆ ಕಲ್ಲಿನಂತಿದ್ದ ಇಂದ್ರವ್ವ ಆಗ ಅತ್ತಳು. ದುರಗಪ್ಪ ಅಳು ನಿಲ್ಲುವವರೆಗೆ ಕಾದು, ಆಮೇಲೆ ಬಂಧನದ ಪಂಚನಾಮೆ ಬರೆಯಲು ಈರಪ್ಪನಿಗೆ ಸನ್ನೆ ಮಾಡಿದ.